ಮಗಳ ಹೆಸರಿಲ್ಲದ ಮತಪತ್ರ

ನವೆಂಬರ್ 16, ಭಾನುವಾರ

ಎದ್ದೆ. ಕೆಮ್ಮಿದೆ. ಕಾಫಿ. ಗಣಿಯ ಧೂಳು ಬೇಗ ಬೇಗ ಒಳಗೆ ಹೋಗಿತ್ತು, ಹೊರಗೆ ಬರಲು ಮಾತ್ರ ಆತುರವಿಲ್ಲ. ಚರ್ಚ್ ತಪ್ಪಿಸಿದೆ.

ಮಧ್ಯಾಹ್ನ ಮಗಳು ವರ್ಲೀನ್ ಬೀನ್ಸ್, ಕಾರ್ನ್‌ಬ್ರೆಡ್ ತಂದಳು. ತಟ್ಟೆ ಇಡುವ ಮೊದಲೇ ಅದೇ ರಾಗ.

"ಆ ಜೈಲರ್ ಲಾನ್ಜೋ ರಿಪಬ್ಲಿಕನ್, ಡ್ಯಾಡಿ. ಮೇ ತಿಂಗಳ ಪ್ರೈಮರಿಯಲ್ಲಿ, ಪಕ್ಷದ ಒಳಗಿನ ಚುನಾವಣೇಲಿ, ಅವನ ಪಕ್ಷದೋರೇ ಅವನನ್ನ ಕೆಡವ್ಬೇಕು. ಮುಂದಿನ ನವೆಂಬರ್ ಚುನಾವಣೇಲಿ ಎದುರಿಗೆ ಯಾರೂ ನಿಲ್ಲಲ್ಲ. ನಾವು ಡೆಮಾಕ್ರಾಟ್ ಅಂತ ಬರೆಸ್ಕೊಂಡು ಕೂತ್ರೆ ಅವರ ಪಕ್ಷದ ಮತಚೀಟಿ ನಮ್ಮ ಕೈಗೇ ಬರಲ್ಲ. ಡಿಸೆಂಬರ್ ಮೂವತ್ತೊಂದರೊಳಗೆ ಪಕ್ಷ ಬದಲಾಯಿಸ್ಬೇಕು. ನೀನು ಬಂದ್ರೆ ನಾನೂ ಬರ್ತೀನಿ."

"ನಿಮ್ಮಜ್ಜ ಯೂನಿಯನ್ ಕಟ್ಟೋಕೆ ಹೋಗಿ ಕಂಪನಿ ಗೂಂಡಾಗಳ ಕೈಲಿ ಹಲ್ಲುದುರಿಸ್ಕೊಂಡ. ನಾನು ಸತ್ರೂ ಡೆಮಾಕ್ರಾಟೇ."

"ನಿನ್ನ ಮಗ ಡೆನ್ವರ್ ಸತ್ತಾಯ್ತಲ್ಲ ಡ್ಯಾಡಿ."

ತಟ್ಟೆ ಹಾಗೇ ಬಿಟ್ಟು ಹೋದಳು.

ನವೆಂಬರ್ 19

ಬರೆಯಬಾರದೆಂದುಕೊಂಡಿದ್ದೆ. ಬರೆಯುತ್ತೇನೆ. ಆಗಸ್ಟ್‌ನಲ್ಲಿ ಡೆನ್ವರ್‌ನನ್ನು ಹಿಡಿದರು — ಕೋರ್ಟಿಗೆ ಹಾಜರಾಗಲಿಲ್ಲವಂತೆ. ನನ್ನ ಮಗ ಸಕ್ಕರೆ ಕಾಯಿಲೆಯವನು. ಇನ್ಸುಲಿನ್ ಬೇಕೆಂದು ಕೂಗಿದನಂತೆ. ಪಕ್ಕದ ಸೆಲ್‌ನವರು ಕೇಳಿಸಿಕೊಂಡಿದ್ದಾರೆ. ಶನಿವಾರ ಒಳಗೆ ಹಾಕಿದರು, ಸೋಮವಾರ ಹೆಣ ಕೊಟ್ಟರು. ಜೈಲರ್ ಲಾನ್ಜೋ ರೇಡಿಯೋದಲ್ಲಿ ಹೇಳಿದ: "ಕೇಳಿದ್ರೆ ಕೊಡ್ತಿದ್ವಿ."

ಅವನ ದನಿ ಇನ್ನೂ ಕಿವಿಯಲ್ಲಿದೆ. ಕೊಲ್ಲುವಷ್ಟು ಸಿಟ್ಟು ಬರುತ್ತದೆ.

ಡಿಸೆಂಬರ್ 31, ಬುಧವಾರ. ಸಂಜೆ

ಹೋದೆ. ಯಾರಿಗೂ ಹೇಳದೆ. ಮತದಾರರ ಪಟ್ಟಿ ಇರುವ ಕೌಂಟಿ ಕ್ಲರ್ಕ್ ಆಫೀಸ್, ಬಾಗಿಲು ಹಾಕುವ ಹೊತ್ತು. ಕೌಂಟರ್‌ನ ಹುಡುಗಿ ಕಣ್ಣರಳಿಸಿದಳು.

"ಮಿಸ್ಟರ್ ಬರ್ಲ್! ದಾರಿ ತಪ್ಪಿ ಬಂದ್ರಾ?"

"ತಪ್ಪೋಕೇ ಬಂದಿದ್ದೀನಿ ಕಣಮ್ಮ. ರಿಪಬ್ಲಿಕನ್ ಅಂತ ಬರ್ಕೋ."

ಸಹಿ ಹಾಕಿ ಟ್ರಕ್‌ನಲ್ಲಿ ಕೂತು ಅತ್ತೆ. ಅಪ್ಪ ನೆನಪಾದ. ಆಮೇಲೆ ಡೆನ್ವರ್ ನೆನಪಾದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿರಲಿ.

ನಾಳೆ ಹೊಸ ವರ್ಷದ ಊಟಕ್ಕೆ ವರ್ಲೀನ್ ಬರುತ್ತಾಳೆ. ಆಗ ಹೇಳುತ್ತೇನೆ. ಅವಳ ಮುಖ ನೋಡಬೇಕು.

ಜನವರಿ 1

ಹಿಮ. ದಾರಿ ಮುಚ್ಚಿದೆ. ಅಲಸಂದೆ, ಕೋಸು ಒಬ್ಬನೇ ತಿಂದೆ. ಫೋನ್‌ನಲ್ಲಿ ಹೇಳುವ ಮಾತಲ್ಲ.

ಜನವರಿ 4, ಭಾನುವಾರ

ಬಂದಳು. ಕೋಟ್ ಕೂಡ ಬಿಚ್ಚಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಕಣ್ಣಲ್ಲಿ ಬೆಳಕು.

"ಡ್ಯಾಡಿ, ನೀನು ಪಕ್ಷ ಬಿಡಲ್ಲ ಅಂದ್ಯಲ್ಲ, ಯೋಚ್ನೆ ಮಾಡ್ದೆ. ನೀನ್ಯಾಕೆ ಬಿಡ್ಬೇಕು? ನಾನೇ ನಿಲ್ತೀನಿ. ಜೈಲರ್ ಚುನಾವಣೆಗೆ. ಡೆಮಾಕ್ರಾಟ್ ಆಗಿ. ನಮ್ಮ ಪಕ್ಷದ ಇಬ್ಬರು ಸಹಿ ಹಾಕ್ಬೇಕಂತೆ. ಮೊದಲನೇದು ನಿಂದು."

ಪೆನ್ನು ಕೈಗೆ ಕೊಟ್ಟಳು. ನಾನೀಗ ಆ ಪಕ್ಷದವನೇ ಅಲ್ಲ. ನಾನು ಸಹಿ ಹಾಕಿದರೆ ಅವಳ ಅರ್ಜಿಯೇ ಬಿದ್ದುಹೋಗುತ್ತದೆ.

"ಕನ್ನಡಕ ಎಲ್ಲಿಟ್ಟೆನೋ..." ಅಂದೆ. "ಕೋಯ್ ಹತ್ರ ಹಾಕಿಸ್ಕೋ. ಅವನಿಗೆ ಊರೆಲ್ಲ ಪರಿಚಯ."

ತುಂಬ ಹೊತ್ತು ನನ್ನನ್ನೇ ನೋಡಿದಳು. "ಮಗನಿಗೋಸ್ಕರ ಪಕ್ಷ ಬಿಡ್ಲಿಲ್ಲ, ಮಗಳಿಗೋಸ್ಕರ ಒಂದು ಸಹೀನೂ ಇಲ್ಲ. ನಿಂಗೆ ನಾವ್ಯಾರೂ ಬೇಡ ಅಲ್ವಾ?"

ಹೋದಳು. ಹೇಳಬಹುದಿತ್ತು. ಪ್ರೈಮರಿಯಲ್ಲಿ ಅಪ್ಪನ ಓಟೂ ತನಗಿಲ್ಲ ಅಂತ ಗೊತ್ತಾದರೆ ಅಲ್ಲೇ ಕುಸಿಯುತ್ತಿದ್ದಳು, ಚುನಾವಣೆಗೆ ನಿಲ್ಲುತ್ತಲೇ ಇರಲಿಲ್ಲ. ಹಾಗಂತ ಅಂದುಕೊಂಡೆ. ಹೇಡಿ ಅಂದರೂ ಸರಿ.

ಜನವರಿ 5

ಕ್ಲರ್ಕ್ ಆಫೀಸ್‌ಗೆ ಫೋನ್. ಅದೇ ಹುಡುಗಿ. "ವಾಪಸ್ ಬದಲಾಯಿಸ್ಕೊಳ್ಳಿ ಮಿಸ್ಟರ್ ಬರ್ಲ್, ತೊಂದರೆ ಇಲ್ಲ. ಆದ್ರೆ ಮೇ ತಿಂಗಳ ಪ್ರೈಮರಿಗೆ ಲೆಕ್ಕಕ್ಕಿಲ್ಲ."

ಜನವರಿ 9

ಕೋಯ್ ಸಹಿ ಹಾಕಿದ. ಅವನ ಹೆಂಡತಿಯೂ. ಯೂನಿಯನ್ ಕಾಲದ ಗೆಳೆಯ. ಬೂತ್‌ನಲ್ಲಿ ನಮ್ಮ ಪಕ್ಷದ ಪರವಾಗಿ ಕೂರುವವನು. "ನಿಂಗೇನಾಗಿದೆಯೋ?" ಅಂದ. ಕೆಮ್ಮು ಅಂದೆ.

ಕೊನೇ ಗಳಿಗೆಯಲ್ಲಿ ಇನ್ನೊಬ್ಬ ನಮ್ಮ ಪಕ್ಷದಿಂದ ನಿಲ್ಲಲು ಹೆಸರು ಕೊಟ್ಟ. ಲಾನ್ಜೋನ ಭಾವಮೈದ! ಅವನೂ ಡೆಮಾಕ್ರಾಟ್. ಹೆಸರಿಗೆ ಇಲ್ಲಿ ಅರ್ಧ ಊರೇ ಡೆಮಾಕ್ರಾಟ್. ಪ್ರೈಮರಿಯಲ್ಲಿ ವರ್ಲೀನ್‌ಳನ್ನು ಅವನು ಕೆಡವಿದರೆ ನವೆಂಬರ್‌ನಲ್ಲಿ ಎರಡು ಕಡೆಯೂ ಲಾನ್ಜೋನ ಮನೆಯವರೇ. ಒಂದೊಂದು ಓಟೂ ಬೇಕು ಅವಳಿಗೆ.

ಮಾರ್ಚ್ 17

ಬರೆಯಲು ಮನಸ್ಸಿಲ್ಲ. ವರ್ಲೀನ್ ಊಟ ತಂದಿಟ್ಟು ಹೋಗುತ್ತಾಳೆ, ಕೂರುವುದಿಲ್ಲ. ಪ್ರಚಾರದ ಬೋರ್ಡ್ ಮಾತ್ರ ನನ್ನ ಅಂಗಳದಲ್ಲಿ ನೆಟ್ಟಿದ್ದಾಳೆ. ಡೆನ್ವರ್‌ನ ಫೋಟೋ ಹಾಕಿಸಿಲ್ಲ. "ಅವನನ್ನ ತೋರ್ಸಿ ಓಟು ಕೇಳಲ್ಲ" ಅಂದಳಂತೆ ಕೋಯ್ ಹತ್ತಿರ. ಒಳ್ಳೆಯ ಮಗಳು.

ಮೇ 18, ಸೋಮವಾರ

ಫೋನ್ ಮಾಡಿದಳು. "ನಾಳೆ ಬೆಳಿಗ್ಗೆ ಕರ್ಕೊಂಡು ಹೋಗ್ತೀನಿ. ರೆಡಿಯಾಗಿರು."

"ಎದೆ ಸರಿ ಇಲ್ಲಮ್ಮ."

"ಸಹಿ ಹಾಕ್ಲಿಲ್ಲ. ಹೋಗ್ಲಿ. ಓಟಾದ್ರೂ ಹಾಕು ಡ್ಯಾಡಿ."

ಹೂಂ ಅಂದೆ.

ಮೇ 19, ಮಂಗಳವಾರ. ಸಂಜೆ

ಬೂತ್ — ಅಗ್ನಿಶಾಮಕ ಠಾಣೆ. ನಾನು ಮುಂದೆ, ವರ್ಲೀನ್ ಹಿಂದೆ. ಮೇಜಿನ ಬಳಿ ಕೋಯ್. ನನ್ನ ಲೈಸೆನ್ಸ್ ಯಂತ್ರಕ್ಕೆ ತೋರಿಸಿದ. ಪರದೆ ನೋಡಿದ. ನನ್ನನ್ನು ನೋಡಿದ.

"ಕೆಟ್ಟೋಗಿದೆ ಕಣಯ್ಯಾ ಇದು. ಏನೇನೋ ತೋರಿಸ್ತಿದೆ."

"ಕೆಟ್ಟಿಲ್ಲ ಕೋಯ್. ಆ ಚೀಟೀನೇ ಕೊಡು."

ಅವನ ಕೈ ಮೇಲೇಳಲಿಲ್ಲ. ಪಕ್ಕದಲ್ಲಿದ್ದ ರಿಪಬ್ಲಿಕನ್ ಹೆಂಗಸು ತೆಗೆದುಕೊಟ್ಟಳು. ಹಿಂದೆ ತಿರುಗುವ ಧೈರ್ಯವಾಗಲಿಲ್ಲ.

"ಯಾವತ್ತು?" ವರ್ಲೀನ್‌ಳ ದನಿ.

"ಡಿಸೆಂಬರ್ ಮೂವತ್ತೊಂದು."

ಅವಳು ತನಗೆ ತಾನೇ ಹೇಳಿಕೊಂಡಂತೆ: "ಅವತ್ತು ಕನ್ನಡಕ ಮೂಗಿನ ಮೇಲೇ ಇತ್ತು."

ಲಾನ್ಜೋಗೆ ಎದುರು ನಿಂತವನ ಹೆಸರಿನ ಮುಂದೆ ಶಾಯಿ ತುಂಬಿದೆ. ಚೀಟಿಯನ್ನು ಮೇಲಿನಿಂದ ಕೆಳಗೆ ನೋಡಿದೆ. ಇರುವುದಿಲ್ಲವೆಂದು ಗೊತ್ತಿತ್ತು, ಆದರೂ ಅವಳ ಹೆಸರು ಹುಡುಕಿದೆ.

ಕಾರಿನಲ್ಲಿ ಕೂತು ಕೀಲಿ ತೂರಿಸಿದಳು, ತಿರುಗಿಸಲಿಲ್ಲ.

"ಡೆನ್ವರ್‌ಗೋಸ್ಕರ ಹೋಗಿದ್ಯಾ?"

"ಹೂಂ."

ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿದಳು. "ಚಳಿಗಾಲ ಪೂರ್ತಿ ನಿನ್ನ ಬೈಕೊಂಡು ಓಡಾಡ್ದೆ ನಾನು. ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ, ಮುದಿ ಕತ್ತೆ?"

ಬೈಸಿಕೊಂಡು ಇಷ್ಟು ಹಗುರಾದದ್ದು ಇದೇ ಮೊದಲು.

ಈಗ ಅಡುಗೆಮನೆಯಲ್ಲಿ ಬೊಲೋನಾ ಮಾಂಸದ ಹೋಳು ಹುರಿಯುತ್ತಿದ್ದಾಳೆ. ರೇಡಿಯೋದಲ್ಲಿ ಫಲಿತಾಂಶ. ರಿಪಬ್ಲಿಕನ್ ಕಡೆ ಲಾನ್ಜೋ ಗೆದ್ದನಂತೆ. ನನ್ನ ಓಟು ನೀರಿಗೆ ಬಿತ್ತು. ಇನ್ನು ಅವನನ್ನು ಕೆಡವುವುದಿದ್ದರೆ ಇವಳೇ.

ಇವಳೂ ಆ ಭಾವಮೈದನೂ ಸಮಸಮ ಇದ್ದಾರಂತೆ. ಬಾಕಿ ಇರುವುದು ನಮ್ಮ ಬೂತ್ ಒಂದೇ.

ಒಲೆ ಆರಿಸಿ ಬಂದಳು. ಪಕ್ಕದಲ್ಲಿ ಕೂತಳು. ಬರೆಯದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಒಂದು ಓಟಿನಲ್ಲಿ ಸೋತರೆ, ದೇವರೇ, ಅದು ನನ್ನದು... ಓದುತ್ತಿದ್ದಾರೆ. ಅಗ್ನಿಶಾಮಕ ಠಾಣೆ. ವರ್ಲೀನ್‌ಗೆ —