ಕೊನೆಯ ಎರಡು ಲೋಟ

ಫೆಬ್ರವರಿ 9, ಸಂಜೆ 6

ಅಂಗಡಿ ಬೇಗ ಮುಚ್ಚಿದೆ. ಕನ್ನಡಕ ಒಯ್ಯಲು ಬಂದವರಿಗೆ ನಾಳಿದ್ದು ಬನ್ನಿ ಅಂದೆ. ನಾಳೆ ತಂಗಿಗೆ ಕೊಲನೊಸ್ಕೋಪಿ. ದೊಡ್ಡ ಕರುಳಿನ ಹುಣ್ಣು ಅವಳಿಗೆ ಹಳೇ ನೆಂಟ. ಅಂಥವರ ಕರುಳಲ್ಲಿ ಗಡ್ಡೆ ಹುಟ್ಟಬಹುದು ಅಂತ ವರ್ಷವರ್ಷವೂ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಅದಕ್ಕೇ ಇವತ್ತು ಕರುಳು ತೊಳೆಯಲು ಜಗ್ ತುಂಬ ಭೇದಿ ಔಷಧಿ.

ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾ ಎಂಥೆಂಥವರನ್ನೋ ಗದರಿಸುವವಳು, ಲೋಟದ ಮುಂದೆ ಮಗು. "ಅಣ್ಣ, ಇನ್ನೆಷ್ಟಿದೆ?" ಕಣ್ಣಲ್ಲಿ ನೀರು. ನೋಡಲಾಗಲಿಲ್ಲ. ಅವಳು ಬಾತ್‌ರೂಮಿಗೆ ಓಡಿದಾಗ ಉಳಿದ ಎರಡು ಲೋಟ ಸಿಂಕಿಗೆ ಸುರಿದೆ. ಮುಗೀತು ಕಣೇ ಅಂದೆ. ಎಷ್ಟು ಖುಷಿಪಟ್ಟಳು... ಎರಡು ಲೋಟದಿಂದ ಏನು ಮಹಾ.

ಫೆಬ್ರವರಿ 10

ಕರುಳು ಸ್ವಚ್ಛವಾಗಿರಲಿಲ್ಲವಂತೆ. ಬಲಭಾಗ ಕಾಣಲೇ ಇಲ್ಲವಂತೆ.

"ಔಷಧಿ ಪೂರ್ತಿ ಕುಡಿದ್ರಾ?" ಡಾಕ್ಟರು ಕೇಳಿದರು.

"ಒಂದು ಹನಿ ಬಿಡದೆ," ಅಂದಳು.

ನಾನು ತುಟಿ ಬಿಚ್ಚಲಿಲ್ಲ. ತಿಂಗಳೊಳಗೆ ಮತ್ತೆ ಮಾಡಿಸಿ ಅಂದರು. ಆ ದರಿದ್ರ ನೀರು ಇನ್ನು ನನ್ನ ಕೈಲಾಗಲ್ಲ ಅಂದಳು ದಾರಿಯಲ್ಲಿ. ನಿಧಾನಕ್ಕೆ ನೋಡೋಣ ಬಿಡು ಅಂದುಬಿಟ್ಟೆ.

ಏಪ್ರಿಲ್ 21

ಆರಾಮಾಗಿದ್ದೀನಿ ಅನ್ನುತ್ತಾಳೆ. ಆಸ್ಪತ್ರೆ ಮಾತೆತ್ತಿದರೆ ಕೈ ಮುಗಿಯುತ್ತಾಳೆ. ಒತ್ತಾಯ ಮಾಡೋಕೆ ನನಗೆ ಮುಖ ಎಲ್ಲಿದೆ?

ನವೆಂಬರ್ 3

ಮೊನ್ನೆ ರಕ್ತ ಹೋಯಿತು. ಮತ್ತೆ ಸ್ಕೋಪಿ. ಈ ಸಲ ಜಗ್ ತಳ ಕಾಣೋವರೆಗೂ ಕುಡಿಸಿದೆ. ಬಲಭಾಗದಲ್ಲಿ ಒಂದು ಚಪ್ಪಟೆ ಗಡ್ಡೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ನವೆಂಬರ್ 12

ಕ್ಯಾನ್ಸರ್.

"ಅದೊಂದನ್ನೇ ಕಿತ್ತರೆ ಸಾಲಲ್ಲ," ಅಂದರು ಡಾಕ್ಟರು. "ಸುತ್ತಮುತ್ತಲೂ ಕೆಡೋಕೆ ಶುರುವಾಗಿದೆ. ಹುಣ್ಣಾದ ಕರುಳು, ಇನ್ನೊಂದು ಕಡೆ ಹುಟ್ಟುತ್ತೆ. ದೊಡ್ಡ ಕರುಳು ಪೂರ್ತಿ ತೆಗೀಬೇಕು. ಮಲ ಹೋಗೋಕೆ ಹೊಟ್ಟೆ ಮೇಲೆ ಚೀಲ ಬರುತ್ತೆ."

ಅವಳು ಕೇಳಿದ್ದು ಒಂದೇ. "ಸೀಟ್ ಬೆಲ್ಟ್ ಹಾಕ್ಕೋಬಹುದಾ?"

ಅವಳನ್ನು ಹೊರಗೆ ಕೂರಿಸಿ ನಾನೊಬ್ಬನೇ ಮತ್ತೆ ಒಳಗೆ ಹೋದೆ. ಫೆಬ್ರವರಿಯಲ್ಲೇ ಕಂಡಿದ್ದರೆ?

"ಚಿಕ್ಕದಿದ್ದಿದ್ರೆ ಸ್ಕೋಪಿನಲ್ಲೇ ತೆಗೀಬಹುದಿತ್ತೇನೋ. ಈಗ ಹೇಗೆ ಹೇಳ್ಲಿ."



ನವೆಂಬರ್ 15

"ಅಣ್ಣ, ಯಾರಿಗೂ ಹೇಳ್ಬೇಡ," ಅಂದಳು. "ಆವತ್ತು ಕರುಳು ಕ್ಲೀನ್ ಆಗದೆ ಇದ್ದಿದ್ದು ನನ್ನಿಂದಲೇ. ಹಸಿವು ತಡೀಲಾರದೆ ಒಂದು ಬಿಸ್ಕತ್ತು ಕದ್ದು ತಿಂದಿದ್ದೆ."

ಒಂದು ಬಿಸ್ಕತ್ತಿಗೆ ಇಷ್ಟು ದಿನ ಒಳಗೊಳಗೇ ಕೊರಗಿದ್ದಾಳೆ. ಹೋಗಲಿ ಬಿಡು ಅಂದೆ. ನಾನು ಅವಳನ್ನು ಕ್ಷಮಿಸಿದೆ! ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ನವೆಂಬರ್ 23, ಮಧ್ಯಾಹ್ನ 3

ನಾಳೆ ಆಪರೇಷನ್. ವಾರ್ಡಿನಲ್ಲಿ ಮತ್ತೆ ಅದೇ ಜಗ್, ಅದೇ ಔಷಧಿ.

"ಇನ್ನೆಷ್ಟಿದೆ?"

ಎರಡು ಲೋಟ ಅಂದೆ. ಅಂದಕೂಡಲೇ ತಡೆಯಲಾಗಲಿಲ್ಲ. ಬಿಸ್ಕತ್ತಲ್ಲ ಕಣೇ, ನಾನು. ಸಿಂಕಿನ ವಿಷಯ ಪೂರ್ತಿ ಹೇಳಿದೆ.

ಗೋಡೆ ಕಡೆ ತಿರುಗಿದಳು. ನರ್ಸ್ ಬಂದು ಬಿಪಿ ನೋಡಿಕೊಂಡು ಹೋದರು. ನಾನು ಜಗ್ ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ನನ್ನ ಮುಖ ನೋಡದೆ ಲೋಟ ಚಾಚಿದಳು.

"ಭರ್ತಿ ತುಂಬು. ಆಪರೇಷನ್ ಆಗ್ಲಿ, ಆಮೇಲೆ ನಿನ್ನ ವಿಚಾರಿಸ್ಕೋತೀನಿ."

ತುಂಬಿದೆ. ತುಳುಕಿ ಹಾಸಿಗೆ ಮೇಲೆ ಒಂದಿಷ್ಟು ಚೆಲ್ಲಿತು. ಒರೆಸಿದೆ. ಕುಡಿದಳು. ಇನ್ನೊಂದು ಲೋಟ ಇದೆ. ಕರೀತಿದ್ದಾಳೆ —