ನಾನು ಬಿಗಿ ಮಾಡಿದ ಬಾಗಿಲು

ದುಕ್ಮ್, ಒಮಾನ್

ಪ್ರೀತಿಯ ಕಿಶೋರ್,

ನೀನಿಲ್ಲದೆ ನಿನ್ನ ಹಡಗು ಮೊನ್ನೆ ನಮ್ಮ ಡಾಕ್‌ಗೆ ವಾಪಸು ಬಂತು. ಐದು ತಿಂಗಳು ದುರಸ್ತಿ ಮಾಡಿ, ಬಣ್ಣ ಹೊಡೆದು ಯುದ್ಧಕ್ಕೆ ಕಳಿಸಿದ ವಿಧ್ವಂಸಕ ನೌಕೆಯ ಎಡಮಗ್ಗುಲಲ್ಲಿ ಈಗ ಲಾರಿ ನುಗ್ಗುವಷ್ಟು ತೂತು. ಒಳಗೆ ಹೋಗಿ ನೋಡಿ ಬಾ ಎಂದು ಫೋರ್‌ಮನ್ ಎರಡು ಸಲ ಹೇಳಿದ. ಹೊಟ್ಟೆನೋವೆಂದು ಸುಳ್ಳು ಹೇಳಿ ಕೋಣೆಗೆ ಬಂದು ಕೂತಿದ್ದೇನೆ. ಈ ಕಸುಬಿನ ಇಪ್ಪತ್ತೆರಡು ವರ್ಷದಲ್ಲಿ ಇದು ನನ್ನ ಮೊದಲ ಸುಳ್ಳು ಎಂದರೆ ನೀನು ನಂಬುತ್ತಿರಲಿಲ್ಲ.

ನೀವು ಹೊರಡುವ ಮುಂಚಿನ ಆ ಕೊನೆಯ ವಾರ ಎಂಜಿನ್‌ಗಳನ್ನು ಸಮುದ್ರದಲ್ಲಿ ಓಡಿಸಿ ನೋಡಿಯಾಗಿತ್ತು. ಉಳಿದದ್ದು ನೀರು ತಡೆಯುವ ಬಾಗಿಲುಗಳು. ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಬಳಿದು, ಬಾಗಿಲು ಮುಚ್ಚಿ ತೆರೆದು, ಬಾಗಿಲಂಚಿನ ರಬ್ಬರು ಪಟ್ಟಿಯ ಮೇಲೆ ಗೆರೆ ಎಲ್ಲೂ ಕಡಿಯದೆ ಬಿದ್ದಿದೆಯೇ ಎಂದು ನೋಡಬೇಕು. ಡಾಕ್ ಪರವಾಗಿ ನಾನು, ಹಡಗಿನ ಪರವಾಗಿ ನೀನು. ಪಂಪ್ ಕೋಣೆಯ ಬಾಗಿಲಲ್ಲಿ ಗೆರೆ ಎರಡು ಬೆರಳಿನಷ್ಟು ಕಡಿದಿತ್ತು; ಅಂದರೆ ಅಲ್ಲಿ ನೀರು ನುಸುಳುವ ಸಂದು.

"ಇಷ್ಟಕ್ಕೆ ಎಂತ ಆಗ್ತದೆ ಆದಂಕಾಕ? ಸಹಿ ಹಾಕಿ ಮಾರಾಯ್ರೆ" ಎಂದೆ ನೀನು. ಅಂದೇ ಕೆಲಸ ಮುಗಿದರೆ ನಿನಗೆ ನಾಲ್ಕು ದಿನ ರಜೆ. ಕುಂದಾಪುರಕ್ಕೆ ಹೋಗಿ, ಹುಟ್ಟಿ ಇಪ್ಪತ್ತು ದಿನವಾಗಿದ್ದ ಮಗಳನ್ನು ಎತ್ತಿಕೊಳ್ಳುವವನಿದ್ದೆ.

"ನಿನ್ನ ರಜೆ ನೀರಿಗೆ ಗೊತ್ತುಂಟಾ?" ಎಂದು ಗದರಿಸಿ ನಾನು ರಬ್ಬರನ್ನು ಕಿತ್ತೇ ಹಾಕಿದೆ. ಚೌಕಟ್ಟು ನೆಟ್ಟಗೆ ಮಾಡಿ, ಹೊಸ ರಬ್ಬರು ಕೂರಿಸಿ, ಮತ್ತೆ ಪರೀಕ್ಷೆ ಮಾಡುವಷ್ಟರಲ್ಲಿ ಮೂರು ದಿನ. ಮೂರನೇ ದಿನದ ಸಂಜೆಯೇ ಹೊರಡುವ ಆದೇಶ ಬಂತು, ನಿನ್ನ ರಜೆ ಹೋಯಿತು. ನೀನು ಮುಖ ಊದಿಸಿಕೊಂಡು, ನಾನು ಕೊಟ್ಟ ಸುಲೈಮಾನಿ ಚಹಾವನ್ನೂ ಮುಟ್ಟದೆ ಹೋದೆ.

ಎಣ್ಣೆ ಹಡಗುಗಳಿಗೆ ಕಾವಲು ಹೋದ ಹದಿನಾರನೇ ದಿನ ನಿಮಗೆ ಏಟು ಬಿತ್ತಂತೆ. ಪಂಪ್ ಕೋಣೆಗೆ ನೀರು ನುಗ್ಗಿದಾಗ ದಾಟುವಷ್ಟರಲ್ಲಿ ನೀರು ಆಚೆಗೂ ನುಗ್ಗುತ್ತದೆಂದು ನೀನು ಹೊರಗೆ ಓಡದೆ ಒಳಗಿನಿಂದಲೇ ಬಾಗಿಲೆಳೆದು ಹಿಡಿಗಳನ್ನೆಲ್ಲ ತಿರುಗಿಸಿದೆಯಂತೆ. ಹಡಗಿನ ಜೊತೆ ಬಂದ ನಿನ್ನ ಸಂಗಡಿಗ ಅಕ್ಷಯ್ ಹೇಳಿದ. "ಆಚೆ ಒಂದು ಹನಿ ಬರ್ಲಿಲ್ಲ. ನಾವೆಲ್ಲ ಉಳಿದದ್ದು ನಿಮ್ಮ ಬಾಗಿಲಿಂದ" ಎಂದು ನನ್ನ ಕೈ ಹಿಡಿದುಕೊಂಡ. ನನಗೆ ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ಆ ಸಂದು ಹಾಗೇ ಉಳಿದಿದ್ದರೂ ನೀನು ಬದುಕುತ್ತಿರಲಿಲ್ಲ, ಇನ್ನಷ್ಟು ಜನ ಹೋಗುತ್ತಿದ್ದರು. ಕಸುಬು ಬಲ್ಲವನಿಗೆ ಅದು ಗೊತ್ತು. ಆದರೆ ಮಗಳನ್ನು ಒಂದು ಸಲ ಎತ್ತಿಕೊಂಡು ಹೋಗಬಹುದಿತ್ತಲ್ಲ ಮಗನೇ. ಅದನ್ನು ತಪ್ಪಿಸಿದವನು ನಾನು.

ಇವತ್ತು ಬೆಳಿಗ್ಗೆ ನಿನ್ನ ಹೆಂಡತಿ ಮಾನಸಳಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಹಿಂದೆ ಮಗು ಅಳುತ್ತಿತ್ತು.

"ಗೊತ್ತುಂಟು" ಎಂದಳು. "ಅವತ್ತೇ ಅವರು ಫೋನ್ ಮಾಡಿ ನಿಮಗೆ ಬೈದಿದ್ರು." ಮಗುವನ್ನು ಎತ್ತಿಕೊಂಡಳೇನೋ, ಅಳು ಹತ್ತಿರವಾಯಿತು. "ಅವರು ಬಾಗಿಲು ಹಾಕಿದ್ದನ್ನು ಮಗಳಿಗೆ ಹೇಳ್ತೇನೆ. ರಜೆ ತಪ್ಪಿಸಿದ್ದು ಯಾರಂತ ಹೇಳುದಿಲ್ಲ. ಆದ್ರೆ ನೀವು ಇನ್ನು ಫೋನ್ ಮಾಡ್ಬೇಡಿ."

ಮಾಡುವುದಿಲ್ಲ ಕಿಶೋರ್. ನಾಳೆ ಹಡಗಿನೊಳಗೆ ಹೋಗುತ್ತೇನೆ. ಆ ಬಾಗಿಲನ್ನು ನಾನೇ ಬಿಚ್ಚಿ ಸರಿಮಾಡುತ್ತೇನೆ, ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ನಮ್ಮನ್ನು ಸೃಷ್ಟಿಸಿದವನು ನಿನ್ನನ್ನು ನೆಮ್ಮದಿಯಲ್ಲಿಡಲಿ. ನಿನ್ನ ಮಗಳು ನೂರು ವರ್ಷ ಬಾಳಲಿ, ನನ್ನ ಹೆಸರು ತಿಳಿಯದೆಯೇ ಬಾಳಲಿ.

ನಿನ್ನ ರಜೆ ತಿಂದವನು,
ಆದಂ