ಒಣ ಬಂಗುಡೆಯ ಸಾಲು

ಬೆಂಗ್ರೆ, ಮಂಗಳೂರು
೩-೮-೧೯೬೪, ಸೋಮವಾರ

ಪ್ರೀತಿಯ ತಮ್ಮ ಅಂಗಾರನಿಗೆ ಅಣ್ಣ ಯಾದವನ ಆಶೀರ್ವಾದ.

ಹೇಗಿದ್ದೀ? ಬೊಂಬಾಯಿಯ ಮಳೆಯಲ್ಲಿ ನಿನ್ನ ಕೆಮ್ಮು ಜೋರಾಗಿರಬಹುದೆಂದು ಅಮ್ಮನಿಗೆ ದಿನವೂ ಚಿಂತೆ. ಬಂದರಿನ ಧಕ್ಕೆಯಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತಿರಬೇಡ, ಕರಿಮೆಣಸಿನ ಕಷಾಯ ಮಾಡಿ ಕುಡಿ. ಅಮ್ಮ ಗಟ್ಟಿಯಾಗಿದ್ದಾಳೆ, ಬಾಯಿ ಅದಕ್ಕಿಂತ ಗಟ್ಟಿ. ನಿನ್ನ ಅತ್ತಿಗೆಯ ಮಂಡಿನೋವು ಕಡಿಮೆಯಾಗಿದೆ. ನಮ್ಮ ಕುಮುದಿನಿ ಒಂಬತ್ತನೇ ಕ್ಲಾಸು, ಇಂಗ್ಲಿಷ್ ಪಟಪಟನೆ ಓದುತ್ತಾಳೆ, ಅಪ್ಪನ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀನು ಹೋಗಿ ಹತ್ತು ತಿಂಗಳಾಯಿತು, ಒಂದು ಕಾರ್ಡೂ ಇಲ್ಲ. ಯಾಕೆಂದು ಕೇಳುವ ಮುಖ ನನಗಿಲ್ಲ, ಇರಲಿ.

ಈಗ ಸುದ್ದಿ ಕೇಳು. ದೋಣಿಯಿಂದ ಬಿಟ್ಟು ದಡದಿಂದ ಎಳೆಯುವ ನಮ್ಮ ರಂಪಣಿ ಬಲೆ ನೋಡಲು ಹೋದ ವಾರ ಒಬ್ಬ ಅಮೆರಿಕದ ಹುಡುಗ ಬಂದಿದ್ದಾನೆ. ಬಾಗಿಲಿಗೆ ಎರಡು ಸಲ ತಲೆ ಹೊಡೆಸಿಕೊಂಡ ಮೇಲೆ ಅಮ್ಮ ಅವನಿಗೆ ತಾಳೆಮರ ಎಂದು ಹೆಸರಿಟ್ಟಳು. ಅವನ ಕನ್ನಡ ಪುಸ್ತಕದ್ದು, ಉಳಿದದ್ದನ್ನು ಕುಮುದಿನಿ ಹೇಳುತ್ತಾಳೆ. ಯಾವ ಆಟ ಆಡುತ್ತೀ ಎಂದರೆ ಫುಟ್‌ಬಾಲ್ ಎಂದ. ಬೆಂಗ್ರೆಯಲ್ಲಿ ಆ ಮಾತು ಬಂದರೆ ಕೇಳಬೇಕೇ? ಹುಡುಗರೆಲ್ಲ ಚೆಂಡು ತಂದರು. ಅವನು ಅದನ್ನು ಬದಿಗಿಟ್ಟು ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡ! ಅವರ ಚೆಂಡು ಉದ್ದವಂತೆ, ಅದನ್ನು ಕೈಯಲ್ಲಿ ಹಿಡಿದು ಎದುರಿನವರ ಗೆರೆ ದಾಟುವವರೆಗೆ ಓಡುವುದಂತೆ. “ಎಂತ ಮಾರಾಯ, ಹಾಗಾದ್ರೆ ಕೈಬಾಲ್ ಅಂತ ಹೇಳ್ಲಿಕ್ಕೆ ಇವರಿಗೆ ಎಂತ ಕಷ್ಟ?” ಎಂದಳು ಅಮ್ಮ.

ಆಮೇಲೆ ಅವನು ಮಾಡಿದ್ದನ್ನು ನೀನು ನೋಡಬೇಕಿತ್ತು. ಅಮ್ಮ ಜಗಲಿಯಲ್ಲಿ ಹರಡಿದ್ದ ಒಣ ಬಂಗುಡೆಯಲ್ಲಿ ಏಳನ್ನು ಅಡ್ಡಸಾಲಾಗಿ ಇಟ್ಟ, ಹಿಂದೆ ನಾಲ್ಕು. ಎದುರು ಪಕ್ಷಕ್ಕೆ ಮರುವಾಯಿಯ ಚಿಪ್ಪು. ಅವನ ಅಜ್ಜನ ಕಾಲದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದು, ದೋಣಿಯ ಮೂತಿಯ ಹಾಗೆ ಚೂಪಾಗಿ ನಿಂತು ನುಗ್ಗುತ್ತಿದ್ದರಂತೆ. ಜನ ಸತ್ತರು, ಅದನ್ನು ನಿಲ್ಲಿಸಿದರು. ಮತ್ತೆ ಚೆಂಡನ್ನು ಮುಂದಕ್ಕೆ ಎಸೆಯಬಹುದೆಂದು ಕಾನೂನು ಬಂತು. ಸಾಲಿನ ನಡುವಿನವನು ಕಾಲ ಸಂದಿನಿಂದ ಹಿಂದಕ್ಕೆ ಕೊಡುವ ಚೆಂಡನ್ನು ಪಡೆಯುವವನು ಕೆಲವು ಕಾಲ ಸಾಲಿನಿಂದ ದೂರ ಹಿಂದೆ ನಿಂತ. ಆಮೇಲೆ ಅವನನ್ನು ನಡುವಿನವನ ಬೆನ್ನಿಗೇ ತಂದು, ಉಳಿದ ಮೂವರನ್ನು ಹಿಂದೆ ಅಡ್ಡಕ್ಕೆ ನಿಲ್ಲಿಸಿದರು. ಇಂಗ್ಲಿಷಿನ ‘ಟಿ’ ಅಕ್ಷರದ ಹಾಗೆ. ಚೆಂಡು ಯಾರ ಕೈಗೆ ಹೋಯಿತೆಂದೇ ಎದುರಿನವರಿಗೆ ತಿಳಿಯದು. ಈಗಿನವರು ಇನ್ನೂ ಜಾಣರು. ಅವನು ಅಂಚಿನ ಒಂದು ಬಂಗುಡೆಯನ್ನು ಜಗಲಿಯ ತುದಿಗೆ ಸರಿಸಿದ, ಅದನ್ನು ಕಾಯಲು ಒಂದು ಚಿಪ್ಪು ಹಿಂದೆಯೇ ಹೋಯಿತು, ನಡುವೆ ದಾರಿ ಬಿಟ್ಟಿತು. ನನ್ನ ಮೈ ಜುಮ್ಮೆಂದಿತು ಅಂಗಾರ! ಹನ್ನೊಂದು ಜನರಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಆ ಜನ ಎಪ್ಪತ್ತು ವರ್ಷ ತಲೆ ಕೆಡಿಸಿಕೊಂಡಿದ್ದಾರೆ. ನಾನು ಇಪ್ಪತ್ತು ವರ್ಷದಿಂದ ದೋಣಿಯಲ್ಲಿ ನಿಂತು ನಮ್ಮ ಗುಂಪನ್ನು ನಡೆಸುವ ತಂಡೇಲ. ಯಾರನ್ನು ಎಲ್ಲಿ ನಿಲ್ಲಿಸಿದ್ದೇನೆಂದು ಒಂದು ದಿನವೂ ಯೋಚಿಸಲಿಲ್ಲ.

ಇದರಲ್ಲಿ ನೀನು ಯಾರು ಎಂದು ಕೇಳಿದೆ. ಓಡುವವನನ್ನೇ ತೋರಿಸುತ್ತಾನೆಂದುಕೊಂಡಿದ್ದೆ. ಸಾಲಿನಲ್ಲಿ ನಡುವಿನವನ ಪಕ್ಕದ ಬಂಗುಡೆಯನ್ನು ಮುಟ್ಟಿದ. “ನಾನು ನಾಲ್ಕು ವರ್ಷ ಆಡಿದೆನು. ಚೆಂಡನ್ನು ಒಮ್ಮೆಯೂ ಮುಟ್ಟಲಿಲ್ಲ” ಎಂದ. ಬೇಸರವಿಲ್ಲವೇ ಎಂದರೆ ನಕ್ಕುಬಿಟ್ಟ. “ನಾನು ದಾರಿ ಮಾಡದಿದ್ದರೆ ಅವನು ಎಲ್ಲಿಗೆ ಓಡುವನು?” ಎಂತಹ ಹೆಮ್ಮೆ ಅವನ ಮುಖದಲ್ಲಿ!

ಅದೇ ಸಂಜೆ ಮಳೆ ಬಿಟ್ಟಾಗ ನಮ್ಮವರನ್ನೇ ಮರಳಿನಲ್ಲಿ ಸಾಲಾಗಿ ನಿಲ್ಲಿಸಿದ. ನಾನು ತಂಡೇಲ ತಾನೇ, ಹಿಂದೆ ನಿಂತು ಕೂಗುವ ಕೆಲಸ ನನಗೆ. ಒಂದೇ ಮಾತು, ಅದನ್ನು ಕೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗಬೇಕು. ಯಾವ ಮಾತು ಗೊತ್ತೇ? ‘ಹಟ್’. ನಾವು ನಾಯಿ ಅಟ್ಟುವ ಮಾತು. ಉಳಿದವರು ಬಿದ್ದು ಬಿದ್ದು ನಕ್ಕರು. ನಾನು ಕೂಗದೆ ಸಾಲು ಬಿಟ್ಟು ಬಂದೆ. ಹನ್ನೆರಡು ವರ್ಷ ದಡದಲ್ಲಿ ಹಗ್ಗ ಎಳೆದ ನೀನು ಕಳೆದ ವರ್ಷ ಒಂದು ದಿನ, ಒಂದೇ ದಿನ, ದೋಣಿಗೆ ಕಾಲಿಟ್ಟಾಗ ನಲವತ್ತು ಜನರ ಎದುರು ನಾನು ಅಂದದ್ದು ಅದನ್ನೇ. ಮೂರನೇ ದಿನ ನೀನು ರೈಲು ಹತ್ತಿದೆ. ಕಡಲಲ್ಲಿ ಬಲೆ ಬಿಟ್ಟವನು ನಾನೇ, ಹಿಡಿದವನೂ ನಾನೇ ಎಂದು ಮೆರೆದೆ. ದಡದಲ್ಲಿ ನೀನು ಹಗ್ಗ ಬಿಟ್ಟಿದ್ದರೆ ಒಂದು ಬೂತಾಯಿ ಮೀನೂ ಮೇಲೆ ಬರುತ್ತಿರಲಿಲ್ಲ. ತಪ್ಪಾಯಿತು ಅಂಗಾರ. ಅಣ್ಣನಾಗಿ ಬಾಯಲ್ಲಿ ಹೇಳಲಾರೆ, ಕಾಗದಕ್ಕೆ ನಾಚಿಕೆಯಿಲ್ಲ.

ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ. ಅತ್ತಿಗೆ ನಿನ್ನ ಕ್ಷೇಮ ಕೇಳಿದ್ದಾಳೆ, ಕುಮುದಿನಿಯ ನಮಸ್ಕಾರ. ಕಡಲು ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಯಾದವ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ನೂಲ ಹುಣ್ಣಿಮೆಗೆ ಕಡಲಿಗೆ ಪೂಜೆಯ ತೆಂಗಿನಕಾಯಿ ಬಿಟ್ಟ ಮೇಲೆ ದೋಣಿ ಇಳಿಯುತ್ತದೆ. ಈ ವರ್ಷ ಅಂಗಾರನೇ ತಂಡೇಲ ಎಂದು ಎಲ್ಲರ ಮುಂದೆ ಹೇಳಿದ್ದೇನೆ. ಹಿರಿಯರು ಗೊಣಗಿದರು, ನಾನು ಬಗ್ಗಲಿಲ್ಲ. ನಾನು ದಡದಲ್ಲಿ, ನಿನ್ನ ಜಾಗದಲ್ಲಿ. ಮೊನ್ನೆಯಿಂದ ಹಳೆ ದೋಣಿಗೆ ಹಗ್ಗ ಕಟ್ಟಿ ಎಳೆದು ಅಭ್ಯಾಸ ಮಾಡುತ್ತಿದ್ದೇನೆ. ಎರಡೂ ಅಂಗೈ ಸುಲಿದಿವೆ, ಅಕ್ಷರ ಸೊಟ್ಟಗಾದದ್ದು ಅದಕ್ಕೇ. ಬಾ.